ಕುಟುಂಬ ಕಾನೂನು: ತಾಯ್ತಂದೆಯರ ಹಕ್ಕು, ಸಂತಾನದ ನಿರ್ಧಾರ ಮತ್ತು ದೌರ್ಜನ್ಯದಿಂದ ರಕ್ಷಣೆ
(ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಪೀಠಿಕೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಗ್ರಾಮಗಳಲ್ಲಿ ಕೌಟುಂಬಿಕ ವಿವಾದಗಳು ಮೊದಲು ಮನೆಯ ಹಿರಿಯರ ಮುಂದೆ, ಆನಂತರ ಊರಿನ ಪಂಚರ ಮುಂದೆ ಬರುವುದು ವಾಡಿಕೆ. ಅನೇಕ ವಿವಾದಗಳು ಅಲ್ಲಿಯೇ ಸೌಹಾರ್ದದಿಂದ ಬಗೆಹರಿಯುವುದೂ ಉಂಟು. ಆದರೆ ಬಗೆಹರಿಯದ ವಿವಾದಗಳಲ್ಲಿ, ಕಾನೂನಿನ ಬಗೆಗಿನ ತಪ್ಪು ತಿಳಿವಳಿಕೆಯಿಂದಲೇ ಮಹಿಳೆಯರು ಮತ್ತು ಮಕ್ಕಳು ತಮಗೆ ದೊರೆಯಬೇಕಾದ ಪರಿಹಾರದಿಂದ ವಂಚಿತರಾಗುತ್ತಾರೆ. ಅಂತಹ ನಾಲ್ಕು ಮಾತುಗಳು ಹೆಚ್ಚಾಗಿ ಕೇಳಿಬರುತ್ತವೆ:

• "ಮದುವೆಯ ದಾಖಲೆ ಇಲ್ಲದಿದ್ದರೆ ದೂರು ನಡೆಯುವುದಿಲ್ಲ."
• "ಗಂಡನ ಮನೆ ಬಿಟ್ಟು ಬಂದವಳಿಗೆ ಮಗುವಿನ ಮೇಲೆ ಹಕ್ಕಿಲ್ಲ."
• "ತಂದೆಯ ಹೆಸರು ಹೇಳದ ಮಗುವಿಗೆ ಪ್ರಮಾಣಪತ್ರ ಸಿಗುವುದಿಲ್ಲ."
• "ಗಂಡನ ಸಹಿ ಇಲ್ಲದೆ ಗರ್ಭಪಾತ ಮಾಡುವುದಿಲ್ಲ."

ಈ ನಾಲ್ಕೂ ಮಾತುಗಳು ಕಾನೂನಿಗೆ ಅನುಗುಣವಾಗಿಲ್ಲ. ತಾಯಿಯ ಮತ್ತು ಮಗುವಿನ ಮೂಲಭೂತ ರಕ್ಷಣೆಯು ಮದುವೆಯ ಸ್ವರೂಪವನ್ನಾಗಲಿ, ಪುರುಷನೊಬ್ಬನ ಒಪ್ಪಿಗೆಯನ್ನಾಗಲಿ ಅವಲಂಬಿಸಿಲ್ಲ. ಆದರೆ ಆ ರಕ್ಷಣೆಯನ್ನು ಪಡೆಯಲು ಸರಿಯಾದ ಕಚೇರಿಗೆ ಅರ್ಜಿ ಸಲ್ಲಿಸುವುದು ಅವಶ್ಯಕ. ಈ ನಾಲ್ಕು ವಿಷಯಗಳಲ್ಲಿ ಕಾನೂನು ಏನು ಹೇಳುತ್ತದೆ ಮತ್ತು ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ.

1. ಕೌಟುಂಬಿಕ ಹಿಂಸೆಯಿಂದ ರಕ್ಷಣೆ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ದಿನಾಂಕ 26-10-2006ರಿಂದ ಜಾರಿಯಲ್ಲಿದೆ. ಹೊಡೆಯುವುದು, ಬಡಿಯುವುದು ಮಾತ್ರವೇ ಹಿಂಸೆಯಲ್ಲ. ನಿಂದಿಸುವುದು, ಗಂಡು ಮಗು ಹೆರಲಿಲ್ಲವೆಂದು ಹೀಯಾಳಿಸುವುದು, ಲೈಂಗಿಕ ದೌರ್ಜನ್ಯ ಎಸಗುವುದು, ಮನೆಯ ಖರ್ಚಿಗೆ ಹಣ ನೀಡದಿರುವುದು, ಸ್ತ್ರೀಧನವನ್ನು ಕಸಿದುಕೊಳ್ಳುವುದು, ವರದಕ್ಷಿಣೆಗಾಗಿ ಪೀಡಿಸುವುದು ಸಹ ಈ ಅಧಿನಿಯಮದ ಪ್ರಕಾರ ಹಿಂಸೆಯಾಗಿರುತ್ತದೆ.

ಪತ್ನಿಯಲ್ಲದೆ ತಾಯಿ, ಸಹೋದರಿ, ಮಗಳು, ಅತ್ತಿಗೆ, ವಿಧವೆ ಸೊಸೆ ಮುಂತಾಗಿ ಒಂದೇ ಮನೆಯಲ್ಲಿ ಬಾಳುತ್ತಿರುವ ಅಥವಾ ಹಿಂದೆ ಬಾಳಿದ್ದ ಮಹಿಳೆಯರು ಅರ್ಜಿ ಸಲ್ಲಿಸಬಹುದು. ವಿವಾಹದ ಸ್ವರೂಪದ ಸಂಬಂಧದಲ್ಲಿ ಬಾಳಿದ ಮಹಿಳೆಗೂ ಅವಕಾಶವಿದ್ದು, ಸಂಬಂಧವು ಅಂತಹುದೇ ಎಂಬುದನ್ನು ನ್ಯಾಯಾಲಯವು ಪರಿಶೀಲಿಸುತ್ತದೆ. ಆದುದರಿಂದ ವಿವಾಹ ನೋಂದಣಿ ಪತ್ರ ಇಲ್ಲವೆಂಬ ಕಾರಣಕ್ಕೆ ಅರ್ಜಿಯನ್ನು ಸ್ವೀಕರಿಸದೆ ಹಿಂದಿರುಗಿಸುವಂತಿಲ್ಲ.

ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು?
ಈ ಮೂರು ತಾಲ್ಲೂಕುಗಳ ಹೆಣ್ಣುಮಕ್ಕಳನ್ನು ಮಹಾರಾಷ್ಟ್ರದ ಗಡಹಿಂಗ್ಲಜ, ಕೊಲ್ಹಾಪುರ, ಮಿರಜ ಕಡೆಗೆ ವಿವಾಹ ಮಾಡಿಕೊಡುವುದು ಸಾಮಾನ್ಯ. ಹಿಂಸೆ ನಡೆದದ್ದು ಬೇರೆ ರಾಜ್ಯದಲ್ಲಿ, ಆದುದರಿಂದ ಇಲ್ಲಿ ಅರ್ಜಿ ನಡೆಯದು ಎಂಬ ಭಾವನೆ ಸರಿಯಲ್ಲ. ಅಧಿನಿಯಮದ 27ನೇ ಕಲಮಿನಂತೆ ನೊಂದ ಮಹಿಳೆಯು ಖಾಯಂ ಆಗಿ ಅಥವಾ ತಾತ್ಕಾಲಿಕವಾಗಿ ವಾಸಿಸುತ್ತಿರುವ ಸ್ಥಳದ ನ್ಯಾಯಾಲಯಕ್ಕೂ ಅಧಿಕಾರವಿದೆ. ಉದಾಹರಣೆಗೆ, ಗಡಹಿಂಗ್ಲಜದ ಗಂಡನ ಮನೆಯಿಂದ ಬೆಲ್ಲದ ಬಾಗೇವಾಡಿಯ ತವರುಮನೆಗೆ ಬಂದು ನೆಲೆಸಿದ ಮಹಿಳೆಯು ಹುಕ್ಕೇರಿಯಲ್ಲಿಯೇ ಅರ್ಜಿ ಸಲ್ಲಿಸಬಹುದು. ಪತ್ನಿಯ ಮೇಲಿನ ಕ್ರೌರ್ಯದ ಕ್ರಿಮಿನಲ್ ದೂರನ್ನು ಸಹ ಆಕೆ ಆಶ್ರಯ ಪಡೆದ ಊರಿನಲ್ಲಿ ದಾಖಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪು ನೀಡಿದೆ.

ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು (ಸಿಡಿಪಿಒ) ಸಂರಕ್ಷಣಾಧಿಕಾರಿಗಳನ್ನಾಗಿ ನೇಮಿಸಲಾಗಿದೆ. ಇವರು ಕೌಟುಂಬಿಕ ಘಟನಾ ವರದಿಯನ್ನು ಸಿದ್ಧಪಡಿಸಿ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಸಲ್ಲಿಸುತ್ತಾರೆ. ನೊಂದ ಮಹಿಳೆಯು ನೇರವಾಗಿ ನ್ಯಾಯಾಲಯಕ್ಕೆ ಹೋಗುವುದಕ್ಕೂ ಅಡ್ಡಿಯಿಲ್ಲ. ಸಂರಕ್ಷಣಾಧಿಕಾರಿಯ ವರದಿ ಇಲ್ಲದಿದ್ದರೂ ನ್ಯಾಯಾಲಯವು ಆದೇಶ ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ. ನೆರೆಹೊರೆಯವರು, ಬಂಧುಗಳು, ಅಂಗನವಾಡಿ ಕಾರ್ಯಕರ್ತೆಯರು ಸಹ ಮಾಹಿತಿ ನೀಡಬಹುದು. ಸದುದ್ದೇಶದಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಹೊಣೆ ಬರುವುದಿಲ್ಲ.

ಯಾವ ಆದೇಶಗಳನ್ನು ಪಡೆಯಬಹುದು?
• ಹಿಂಸೆಯನ್ನು ತಡೆಯುವ ಸಂರಕ್ಷಣಾ ಆದೇಶ (ಕಲಂ 18)
• ಮನೆಯಿಂದ ಹೊರಹಾಕದಂತೆ ವಾಸದ ಆದೇಶ (ಕಲಂ 19)
• ಜೀವನೋಪಾಯ, ಚಿಕಿತ್ಸೆ ಮುಂತಾದವುಗಳಿಗೆ ಹಣಕಾಸಿನ ಪರಿಹಾರ (ಕಲಂ 20)
• ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ನೀಡುವ ಆದೇಶ (ಕಲಂ 21)
• ನಷ್ಟ ಪರಿಹಾರ (ಕಲಂ 22)

ಮೊದಲ ವಿಚಾರಣೆಯ ದಿನಾಂಕವನ್ನು ಸಾಮಾನ್ಯವಾಗಿ 3 ದಿನಗಳೊಳಗೆ ನಿಗದಿಪಡಿಸಬೇಕು ಮತ್ತು ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಪ್ರಯತ್ನಿಸಬೇಕು ಎಂದು ಅಧಿನಿಯಮವು ವಿಧಿಸಿದೆ. ವಾಸ್ತವದಲ್ಲಿ ಹೆಚ್ಚಿನ ಕಾಲ ಹಿಡಿಯುವ ಸಂಭವವಿರುವುದರಿಂದ ಅರ್ಜಿದಾರರು ಆರಂಭದಲ್ಲಿಯೇ 23ನೇ ಕಲಮಿನಡಿ ಮಧ್ಯಂತರ ಆದೇಶವನ್ನು ಕೋರುವುದು ಸೂಕ್ತ. ಮನೆಯು ಅತ್ತೆ ಅಥವಾ ಮಾವನ ಹೆಸರಿನಲ್ಲಿದ್ದರೂ, ಅದು ದಂಪತಿಗಳು ಬಾಳಿದ ಮನೆಯಾಗಿದ್ದಲ್ಲಿ ಸೊಸೆಯು ವಾಸದ ಹಕ್ಕನ್ನು ಕೋರಬಹುದೆಂದು 2020ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದೆ. ಸಂರಕ್ಷಣಾ ಆದೇಶವನ್ನು ಉಲ್ಲಂಘಿಸಿದವರಿಗೆ 1 ವರ್ಷದವರೆಗೆ ಸೆರೆವಾಸ ಅಥವಾ ರೂ. 20,000ದವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು.

2. ಮಗುವಿನ ವಶ, ಪಾಲಕತ್ವ ಮತ್ತು ಜೀವನಾಂಶ

ಮಗು ಯಾರ ಬಳಿ ಇರಬೇಕು ಎಂಬುದನ್ನು ನಿರ್ಧರಿಸುವಾಗ ನ್ಯಾಯಾಲಯವು ಗಂಡ ಹೆಂಡತಿಯರಲ್ಲಿ ಯಾರ ತಪ್ಪು ಹೆಚ್ಚು ಎಂಬುದಕ್ಕಿಂತ ಮಗುವಿನ ಕ್ಷೇಮವನ್ನೇ ಪ್ರಧಾನವಾಗಿ ಪರಿಗಣಿಸುತ್ತದೆ. ಪಾಲಕರು ಮತ್ತು ಪಾಲಿತರ ಅಧಿನಿಯಮ, 1890 ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮ, 1956ರ 6ನೇ ಕಲಮಿನಂತೆ 5 ವರ್ಷ ತುಂಬದ ಮಗುವಿನ ವಶವು ಸಾಮಾನ್ಯವಾಗಿ ತಾಯಿಯದಾಗಿರುತ್ತದೆ. ಈ ಅಧಿನಿಯಮವು ಲಿಂಗಾಯತ, ಜೈನ, ಬೌದ್ಧ ಕುಟುಂಬಗಳಿಗೂ ಅನ್ವಯವಾಗುತ್ತದೆ. ಹನಫಿ ಪಂಥದ ಮುಸ್ಲಿಂ ಕಾನೂನಿನಲ್ಲಿ ಗಂಡು ಮಗುವಿಗೆ 7 ವರ್ಷ ತುಂಬುವವರೆಗೆ ಮತ್ತು ಹೆಣ್ಣು ಮಗು ಪ್ರೌಢಳಾಗುವವರೆಗೆ ತಾಯಿಗೆ ವಶದ ಹಕ್ಕಿದೆ. ಈ ವಯಸ್ಸು ದಾಟಿದ ಕೂಡಲೇ ಮಗು ತಾನಾಗಿಯೇ ತಂದೆಯ ವಶಕ್ಕೆ ಹೋಗುವುದಿಲ್ಲ. ಆಗಲೂ ಕ್ಷೇಮವೇ ಮುಖ್ಯ ಮಾನದಂಡವಾಗಿರುತ್ತದೆ.

1956ರ ಅಧಿನಿಯಮದಲ್ಲಿ ಸ್ವಾಭಾವಿಕ ಪಾಲಕರು "ತಂದೆ, ಅವನ ನಂತರ ತಾಯಿ" ಎಂದಿದೆ. ಇದರಿಂದ ತಂದೆ ಜೀವಂತವಿರುವಾಗ ತಾಯಿಯ ಸಹಿ ನಡೆಯದೆಂದು ಬಹುಕಾಲ ಅರ್ಥೈಸಲಾಗುತ್ತಿತ್ತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು "ನಂತರ" ಎಂದರೆ ಮರಣಾನಂತರ ಎಂದಷ್ಟೇ ಅಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂದೂ ಅರ್ಥವೆಂದು ಹೇಳಿತು. ತಂದೆಯು ಮಗುವಿನ ಪಾಲನೆಯಿಂದ ದೂರವಿದ್ದರೆ, ಆತನು ಬದುಕಿರುವಾಗಲೂ ತಾಯಿಯೇ ಪಾಲಕಳಾಗಬಹುದು.

ವಶವು ಒಬ್ಬರಿಗೆ ದೊರೆತರೂ ಇನ್ನೊಬ್ಬರಿಗೆ ಮಗುವನ್ನು ಭೇಟಿಯಾಗುವ ಅವಕಾಶವನ್ನು ನ್ಯಾಯಾಲಯವು ನೀಡಬಹುದು. ತಂದೆಯೂ ಇದಕ್ಕಾಗಿ ಅರ್ಜಿ ಸಲ್ಲಿಸಬಹುದು. ಭೇಟಿಯಿಂದ ಮಗುವಿಗೆ ಅಪಾಯವಿದೆಯೆಂದು ಕಂಡುಬಂದಲ್ಲಿ ನಿರಾಕರಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಶಾಲೆಯಿಂದ ಅಥವಾ ತವರುಮನೆಯಿಂದ ಮಗುವನ್ನು ಬಲವಂತವಾಗಿ ಕರೆದೊಯ್ಯುವುದು ಹಕ್ಕನ್ನು ಸ್ಥಾಪಿಸುವ ಮಾರ್ಗವಲ್ಲ.

ಜೀವನಾಂಶ: ದಿನಾಂಕ 01-07-2024ರಿಂದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 144ನೇ ಕಲಂ ಜಾರಿಗೆ ಬಂದಿದೆ. ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಪತ್ನಿ, ಮಕ್ಕಳು ಮತ್ತು ತಂದೆತಾಯಿಯರು ಇದರಡಿ ಅರ್ಜಿ ಸಲ್ಲಿಸಬಹುದು. ಮಗುವಿನ ಮಟ್ಟಿಗೆ ತಂದೆತಾಯಿಯರ ವಿವಾಹವು ಸಿಂಧುವೇ ಅಲ್ಲವೇ ಎಂಬ ಭೇದವನ್ನು ಕಾನೂನು ಮಾಡಿಲ್ಲ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನಾಂಕದಿಂದ ನೀಡಬೇಕೆಂದು 2020ರ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿದೆ. ಆದುದರಿಂದ ರಾಜಿಯ ಮಾತುಕತೆಗಳು ಮುಗಿಯಲೆಂದು ಅರ್ಜಿಯನ್ನು ಮುಂದೂಡಿದರೆ ಆ ಅವಧಿಯ ಹಣವು ಕೈತಪ್ಪುತ್ತದೆ. ಅರ್ಜಿ ಸಲ್ಲಿಸಿದ ಮೇಲೂ ರಾಜಿಗೆ ಅವಕಾಶವಿದೆ. ಆದೇಶವಾದ ನಂತರ ಹಣ ಪಾವತಿಯಾಗದಿದ್ದಲ್ಲಿ, ಅದು ಬಾಕಿಯಾದ ದಿನದಿಂದ 1 ವರ್ಷದೊಳಗೆ ವಸೂಲಿ ಅರ್ಜಿ ಸಲ್ಲಿಸತಕ್ಕದ್ದು.

ಆಸ್ತಿ: ಮೊದಲ ಪತ್ನಿ ಇರುವಾಗಲೇ ನಡೆದ ಎರಡನೆಯ ವಿವಾಹವು ಹಿಂದೂ ವಿವಾಹ ಅಧಿನಿಯಮ, 1955ರ ಪ್ರಕಾರ ಶೂನ್ಯವಾಗಿರುತ್ತದೆ. ಆದರೆ ಅದರಲ್ಲಿ ಜನಿಸಿದ ಮಕ್ಕಳನ್ನು 16ನೇ ಕಲಂ ಔರಸ ಮಕ್ಕಳೆಂದೇ ಪರಿಗಣಿಸುತ್ತದೆ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಪ್ರಕರಣದಲ್ಲಿ ದಿನಾಂಕ 01-09-2023ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ಮಹತ್ವದ ತೀರ್ಪನ್ನು ನೀಡಿದೆ. ಅದರಂತೆ ಇಂತಹ ಮಕ್ಕಳಿಗೆ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಾತ್ರವಲ್ಲದೆ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬಹುದಾಗಿದ್ದ ಪಾಲಿನಲ್ಲಿಯೂ ಹಕ್ಕಿದೆ. ಇತರ ಬಂಧುಗಳ ಆಸ್ತಿಯಲ್ಲಿ ಈ ಕಾರಣದಿಂದ ಹಕ್ಕು ಬರುವುದಿಲ್ಲ.

3. ತಂದೆಯ ಹೆಸರಿಲ್ಲದ ಮಗುವಿನ ಹಕ್ಕುಗಳು

ಈ ಭಾಗದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಸವದತ್ತಿಯ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿಯು ಬೆಳಗಾವಿ ಜಿಲ್ಲೆಯಲ್ಲಿ ದೀರ್ಘಕಾಲ ನಡೆದು ಬಂದಿತ್ತು. ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಅಧಿನಿಯಮ, 1982 ಸಮರ್ಪಣೆಯನ್ನು ಅಪರಾಧವೆಂದು ಘೋಷಿಸಿತು. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿ ಮಹಿಳೆಯರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿ, ಪದ್ಧತಿಯ ನಿರ್ಮೂಲನೆಗೆ ಶ್ರಮಿಸಿದರು. ಈ ಸಂಸ್ಥೆಯಲ್ಲಿ ದುಡಿದ ಶ್ರೀಮತಿ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿದೆ.

ಸಮರ್ಪಣೆಯು ನಿಷೇಧವಾದರೂ ಮಕ್ಕಳು ಶಾಲೆ ಮತ್ತು ಕಚೇರಿಗಳಲ್ಲಿ "ತಂದೆಯ ಹೆಸರು" ಎಂಬ ಕಲಮಿನ ಮುಂದೆ ನಿಲ್ಲಬೇಕಾದ ಸ್ಥಿತಿ ಉಳಿದಿತ್ತು. 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲವು ಅಂಗೀಕರಿಸಿದ ದೇವದಾಸಿ (ತಡೆಗಟ್ಟುವಿಕೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ಶಾಸನವು ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿದೆ. ದೇವದಾಸಿ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯುವುದು ಕಡ್ಡಾಯವಲ್ಲವೆಂದೂ, ಬಯಸಿದಲ್ಲಿ ಪಿತೃತ್ವವನ್ನು ನಿರ್ಣಯಿಸಿಕೊಂಡು ಜೀವನಾಂಶ ಮತ್ತು ಆಸ್ತಿಯ ಹಕ್ಕನ್ನು ಕೋರಬಹುದೆಂದೂ ಅದು ಅವಕಾಶ ಕಲ್ಪಿಸುತ್ತದೆ. ಹೆಸರನ್ನು ಹೇಳದಿರುವ ಹಕ್ಕು ಮತ್ತು ಹೆಸರನ್ನು ಸ್ಥಾಪಿಸಿಕೊಳ್ಳುವ ಹಕ್ಕು ಎರಡನ್ನೂ ಹೀಗೆ ಮಗುವಿಗೇ ನೀಡಲಾಗಿದೆ.

ಇತರ ಏಕಪೋಷಕ ತಾಯಂದಿರಿಗೂ ಕಾನೂನಿನ ಬೆಂಬಲವಿದೆ. ಅವಿವಾಹಿತ ತಾಯಿಯು ತಂದೆಗೆ ನೋಟಿಸು ನೀಡದೆಯೇ ಪಾಲಕತ್ವ ಕೋರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪು ನೀಡಿದೆ. ಅಂತಹ ತಾಯಿಯ ಪ್ರಮಾಣಪತ್ರದ (ಅಫಿಡವಿಟ್) ಆಧಾರದ ಮೇಲೆ ಮಗುವಿನ ಜನನ ಪ್ರಮಾಣಪತ್ರ ನೀಡಬೇಕೆಂದೂ ಅದೇ ತೀರ್ಪಿನಲ್ಲಿ ನಿರ್ದೇಶಿಸಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ 2016ರ ಡಿಸೆಂಬರ್‌ನಿಂದ ತಾಯಿ ಅಥವಾ ತಂದೆ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. ತಾಯಿಯೊಬ್ಬರೇ ಪೋಷಕರಾಗಿದ್ದಲ್ಲಿ ಪಾನ್ ಕಾರ್ಡ್ ಅರ್ಜಿಯಲ್ಲಿಯೂ 2018ರ ಡಿಸೆಂಬರ್‌ನಿಂದ ತಂದೆಯ ಹೆಸರು ಕಡ್ಡಾಯವಲ್ಲ.

4. ಗರ್ಭಧಾರಣೆ ಮತ್ತು ಸಂತಾನದ ಕುರಿತ ನಿರ್ಧಾರ

ತಾಯಿಯಾಗುವ ಅಥವಾ ಆಗದಿರುವ ನಿರ್ಧಾರವು ಸಂವಿಧಾನದ 21ನೇ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹೇಳಿದೆ. ಈ ವಿಷಯದಲ್ಲಿ ಎರಡು ಕಾನೂನುಗಳಿದ್ದು, ಇವೆರಡನ್ನು ಒಂದೆಂದು ಭಾವಿಸಬಾರದು. ಮೊದಲನೆಯದು ಮಹಿಳೆಗೆ ಸುರಕ್ಷಿತ ಗರ್ಭಪಾತದ ಅವಕಾಶ ನೀಡುತ್ತದೆ. ಎರಡನೆಯದು ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುತ್ತದೆ.

(ಅ) ವೈದ್ಯಕೀಯ ಗರ್ಭಪಾತ ಅಧಿನಿಯಮ, 1971 (2021ರ ತಿದ್ದುಪಡಿಯೊಂದಿಗೆ)
ಅಧಿನಿಯಮವು ಹೇಳುವ ಕಾರಣಗಳಿದ್ದಲ್ಲಿ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತ ವಯಸ್ಸಿನವರು, ಗರ್ಭಿಣಿಯಾಗಿರುವಾಗ ವಿಧವೆಯಾದವರು ಅಥವಾ ವಿಚ್ಛೇದಿತರಾದವರು ಮುಂತಾದ ನಿಗದಿತ ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಅವಿವಾಹಿತ ಮಹಿಳೆಯರನ್ನು ಇದರಿಂದ ಹೊರಗಿಡುವಂತಿಲ್ಲವೆಂದು ದಿನಾಂಕ 29-09-2022ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದೆ. ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದಲ್ಲಿ 24 ವಾರಗಳ ನಂತರವೂ ವೈದ್ಯಕೀಯ ಮಂಡಳಿಯು ತೀರ್ಮಾನಿಸಬಹುದು.

18 ವರ್ಷ ತುಂಬಿದ ಮಹಿಳೆಯ ಲಿಖಿತ ಒಪ್ಪಿಗೆ ಮಾತ್ರವೇ ಅವಶ್ಯಕ. ಗಂಡನ, ಅತ್ತೆಯ ಅಥವಾ ತಂದೆತಾಯಿಯರ ಸಹಿಯನ್ನು ಕಾನೂನು ಕೇಳುವುದಿಲ್ಲ. ಅದೇ ರೀತಿ, ಮಹಿಳೆಯ ಒಪ್ಪಿಗೆ ಇಲ್ಲದೆ ಗಂಡನ ಮನೆಯವರ ಒತ್ತಾಯದ ಮೇಲೆ ಗರ್ಭಪಾತ ಮಾಡುವುದು ಗಂಭೀರ ಅಪರಾಧ. 18 ವರ್ಷದೊಳಗಿನವರಿಗೆ ಪಾಲಕರ ಲಿಖಿತ ಒಪ್ಪಿಗೆ ಬೇಕು. ಮಹಿಳೆಯ ಹೆಸರು ಮತ್ತು ವಿವರಗಳನ್ನು ವೈದ್ಯರು ಗೋಪ್ಯವಾಗಿಡತಕ್ಕದ್ದು.

(ಆ) ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಅಧಿನಿಯಮ, 1994
2022ರ ಜೂನ್ ತಿಂಗಳಿನಲ್ಲಿ ಮೂಡಲಗಿ ಪಟ್ಟಣದಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆಯಲಾಗಿದ್ದ ಏಳು ಭ್ರೂಣಗಳು ಪತ್ತೆಯಾದವು. ಲಿಂಗಪತ್ತೆ ಮಾಡಿ ಭ್ರೂಣಗಳನ್ನು ತೆಗೆಸಿರುವ ಶಂಕೆಯನ್ನು ಆರೋಗ್ಯಾಧಿಕಾರಿಗಳು ವ್ಯಕ್ತಪಡಿಸಿದರು. ಘಟನೆಯು ರಾಜ್ಯದಾದ್ಯಂತ ಸುದ್ದಿಯಾಯಿತು. ಈ ಅಧಿನಿಯಮವನ್ನು ಯಾರಿಗಾಗಿ ರಚಿಸಲಾಗಿದೆ ಎಂಬುದನ್ನು ಆ ಘಟನೆಯು ನಮ್ಮ ಭಾಗದವರಿಗೆ ತಿಳಿಯಪಡಿಸಿತು.

ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ಮೊದಲ ಅಪರಾಧಕ್ಕೆ ವೈದ್ಯರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು ರೂ. 10,000ದವರೆಗೆ ಜುಲ್ಮಾನೆ ಇದೆ. ಲಿಂಗಪತ್ತೆಗೆ ಕೋರಿದ ಗಂಡ ಅಥವಾ ಬಂಧುಗಳಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು ರೂ. 50,000ದವರೆಗೆ ಜುಲ್ಮಾನೆ ಇದೆ. ಅಪರಾಧ ಪುನರಾವರ್ತನೆಯಾದಲ್ಲಿ ಶಿಕ್ಷೆ ಹೆಚ್ಚುತ್ತದೆ. ಇಲ್ಲಿ ಗರ್ಭಿಣಿಯರು ತಿಳಿದಿರಬೇಕಾದ ಮುಖ್ಯ ಅಂಶವೊಂದಿದೆ. ಅಧಿನಿಯಮದ 24ನೇ ಕಲಮಿನಂತೆ, ಬೇರೆ ರೀತಿ ರುಜುವಾತಾಗದ ಹೊರತು, ಆಕೆಯನ್ನು ಗಂಡ ಅಥವಾ ಬಂಧುಗಳು ಬಲವಂತಪಡಿಸಿದ್ದಾರೆಂದೇ ನ್ಯಾಯಾಲಯವು ಭಾವಿಸುತ್ತದೆ. ಬಲವಂತಕ್ಕೊಳಗಾದ ಮಹಿಳೆಗೆ ಶಿಕ್ಷೆ ಇಲ್ಲ. ಆದುದರಿಂದ ದೂರು ನೀಡಿದರೆ ತಾನೇ ಸಿಲುಕಿಕೊಳ್ಳಬಹುದೆಂದು ಆಕೆ ಹೆದರಬೇಕಾಗಿಲ್ಲ. ದೂರನ್ನು ಜಿಲ್ಲಾ ಸಮುಚಿತ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ವಿವರಗಳಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.

5. ಬಾಲ್ಯವಿವಾಹ ಮತ್ತು ಅಪ್ರಾಪ್ತ ಗರ್ಭಿಣಿಯರು

ಬಾಲ್ಯವಿವಾಹ ನಿಷೇಧ ಅಧಿನಿಯಮ, 2006ರ ಪ್ರಕಾರ 18 ವರ್ಷ ತುಂಬದ ಹುಡುಗಿಯ ಅಥವಾ 21 ವರ್ಷ ತುಂಬದ ಹುಡುಗನ ವಿವಾಹವು ಬಾಲ್ಯವಿವಾಹ. ಕೇಂದ್ರದ ಅಧಿನಿಯಮದಲ್ಲಿ ಇಂತಹ ವಿವಾಹವನ್ನು ಸಾಮಾನ್ಯವಾಗಿ ನ್ಯಾಯಾಲಯದ ಮೂಲಕ ರದ್ದುಪಡಿಸಿಕೊಳ್ಳಬೇಕು. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಪ್ರತಿಯೊಂದು ಬಾಲ್ಯವಿವಾಹವನ್ನೂ ಆರಂಭದಿಂದಲೇ ಅಸಿಂಧುವೆಂದು ಘೋಷಿಸಿದೆ. ವಿವಾಹ ಮಾಡಿಸಿದವರು, ಅನುವು ಮಾಡಿಕೊಟ್ಟ ತಂದೆತಾಯಿಯರು ಹಾಗೂ ತಡೆಯದ ಪಾಲಕರು 2 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುತ್ತಾರೆ.

18 ವರ್ಷದೊಳಗಿನ ಪತ್ನಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಭಾರತೀಯ ನ್ಯಾಯ ಸಂಹಿತೆ, 2023ರಲ್ಲಿಯೂ ಇದೇ ನಿಯಮವಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಮಾಹಿತಿ ದೊರೆತ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಬೇಕೆಂದು ಪೋಕ್ಸೊ ಅಧಿನಿಯಮ, 2012 ವಿಧಿಸುತ್ತದೆ. ಈ ಭಯದಿಂದ ಅಪ್ರಾಪ್ತ ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯದೆ ಮರೆಮಾಚಿದರೆ ಹುಡುಗಿಯ ಪ್ರಾಣಕ್ಕೇ ಅಪಾಯ. ಗರ್ಭಪಾತ ಕೋರುವ ಹುಡುಗಿ ಮತ್ತು ಆಕೆಯ ಪಾಲಕರು ಕೇಳಿಕೊಂಡಲ್ಲಿ, ವೈದ್ಯರು ಪೊಲೀಸರಿಗೆ ನೀಡುವ ಮಾಹಿತಿಯಲ್ಲಿ ಆಕೆಯ ಗುರುತನ್ನು ಬಹಿರಂಗಪಡಿಸಬೇಕಾಗಿಲ್ಲವೆಂದು 2022ರ ತೀರ್ಪಿನಲ್ಲಿ ಹೇಳಲಾಗಿದೆ.

ಮಗುವನ್ನು ಸಾಕಲು ಸಾಧ್ಯವೇ ಇಲ್ಲದ ತಾಯಿಯು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮರುಚಿಂತನೆಗೆ ಆಕೆಗೆ 60 ದಿನಗಳ ಕಾಲಾವಕಾಶವಿದೆ. ಹಣ ಪಡೆದು ಮಗುವನ್ನು ಕೊಡುವುದು ಅಥವಾ ಕೊಳ್ಳುವುದು ಬಾಲನ್ಯಾಯ ಅಧಿನಿಯಮ, 2015ರಡಿ 5 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಪಡಿಸುವ ಅಪರಾಧ.

6. ಅರ್ಜಿದಾರರಿಗೆ ಸೂಚನೆಗಳು

ಲಭ್ಯವಿದ್ದಲ್ಲಿ ಈ ಕೆಳಗಿನ ದಾಖಲೆಗಳನ್ನು ತರತಕ್ಕದ್ದು:
• ಗುರುತಿನ ಮತ್ತು ವಾಸಸ್ಥಳದ ದಾಖಲೆ
• ವಿವಾಹದ ಆಮಂತ್ರಣ ಪತ್ರಿಕೆ, ಛಾಯಾಚಿತ್ರ ಅಥವಾ ನೋಂದಣಿ ಪತ್ರ
• ಮಕ್ಕಳ ಜನನ ಪ್ರಮಾಣಪತ್ರ, ತಾಯಿ ಕಾರ್ಡ್ ಅಥವಾ ಶಾಲಾ ದಾಖಲೆ
• ಚಿಕಿತ್ಸೆ ಪಡೆದಿದ್ದಲ್ಲಿ ಆಸ್ಪತ್ರೆಯ ಚೀಟಿಗಳು
• ಗಂಡನ ಉದ್ಯೋಗ, ಜಮೀನು ಮುಂತಾದವುಗಳ ವಿವರ

ದಾಖಲೆಗಳು ಗಂಡನ ಮನೆಯಲ್ಲಿ ಉಳಿದಿವೆಯೆಂದು ಅರ್ಜಿಯನ್ನು ತಡಮಾಡಬಾರದು. ಇಲ್ಲದಿರುವ ದಾಖಲೆಗಳನ್ನು ಅರ್ಜಿಯಲ್ಲಿ ನಮೂದಿಸಿದರೆ ಸಾಕು. ಕೌಟುಂಬಿಕ ಹಿಂಸೆ ಅಧಿನಿಯಮದಡಿಯ ಆದೇಶದ ಪ್ರತಿಯನ್ನು ಉಚಿತವಾಗಿ ನೀಡಲಾಗುತ್ತದೆ.

ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಇದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ಸಾಕು. ಬರೆಯಲು ಬಾರದವರ ಹೇಳಿಕೆಯನ್ನು ಸಮಿತಿಯ ಸಿಬ್ಬಂದಿ ಬರೆದುಕೊಳ್ಳುತ್ತಾರೆ.

ಸಹಾಯವಾಣಿಗಳು:
ತುರ್ತು ಸೇವೆ – 112
ಮಹಿಳಾ ಸಹಾಯವಾಣಿ – 181
ಮಕ್ಕಳ ಸಹಾಯವಾಣಿ – 1098
ಕಾನೂನು ನೆರವು – 15100

ಹಿರಿಯರ ಮತ್ತು ಪಂಚರ ಸಲಹೆಯನ್ನು ಪಡೆಯಲು ಯಾರಿಗೂ ಅಡ್ಡಿಯಿಲ್ಲ. ಆದರೆ ಪಂಚಾಯಿತಿಯಲ್ಲಿ ಬರೆಸಿಕೊಂಡ ಯಾವುದೇ ಪತ್ರವು ಮಗುವಿನ ಜೀವನಾಂಶದ ಹಕ್ಕನ್ನಾಗಲಿ, ನೊಂದ ಮಹಿಳೆಯು ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನಾಗಲಿ ಕಿತ್ತುಕೊಳ್ಳಲಾರದು. ಅಂತಹ ಪತ್ರಕ್ಕೆ ಈಗಾಗಲೇ ಸಹಿ ಹಾಕಿರುವವರು ಅದರ ಪ್ರತಿಯೊಂದಿಗೆ ತಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ ಅಥವಾ ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಲು ಕೋರಲಾಗಿದೆ.